ಅಂಚಿನ ಕೊಬ್ಬು

ಮಾಡಿದವನು ನಾನು, ಹಾಗಾಗಿ ಹೇಳುವವನೂ ನಾನೇ ಆಗಲಿ. ಸ್ಫಾಕ್ಸ್ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಮಾಂಸ ಸೀಳಿದೆ. ಕಟುಕನಲ್ಲ. ಆಪರೇಷನ್ ಮಾಡಿ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಹೂತು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಡಾಕ್ಟರಿಗೆ ಕೊಡುವವನು. ನನ್ನ ಪದರ ಬೆಚ್ಚನೆಯ ನೀರಿನ ಮೇಲೆ ತೇಲಿದರೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಅದನ್ನು ನೋಡಲು ಬೇರೆ ಊರಿನ ಲ್ಯಾಬಿನವರು ಬರುತ್ತಿದ್ದರು. ಜಂಬವಿತ್ತು, ಯಾಕೆ ಸುಳ್ಳು ಹೇಳಲಿ.

ಸ್ತನದ ಗಡ್ಡೆಯ ಸುತ್ತ ಕೊಬ್ಬು ಜಾಸ್ತಿ. ಕೊಬ್ಬು ಸರಿಯಾಗಿ ಮೇಣ ಹಿಡಿಯುವುದಿಲ್ಲ. ಬ್ಲೇಡಿಗೆ ಸಿಕ್ಕಿ ಹರಿದು ಇಡೀ ಪದರವನ್ನೇ ಕೆಡಿಸುತ್ತದೆ. ಅದಕ್ಕೆ ನಾನು ಮೊದಲೇ ಅಂಚಿನ ಕೊಬ್ಬನ್ನು ಕೆತ್ತಿ ಆಯಾ ರೋಗಿಯ ಉಳಿಕೆಯ ಜಾಡಿಗೆ ಎಸೆಯುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಚಂದಕ್ಕೆ.

ಆಮೇಲೆ ಡಾಕ್ಟರ್ ರೌಧಾ ಬಂದರು. ನನ್ನ ಮಗಳಿಗಿಂತ ಚಿಕ್ಕವರು. ಹಿರಿಯರನ್ನು ಕರೆಯುವ ಹಾಗೆ 'ಸಿ' ಸೇರಿಸಿಯೇ ನನ್ನ ಹೆಸರು ಹಿಡಿಯುತ್ತಿದ್ದರು.

"ಸಿ ಮೊಂಜಿ, ಈ ಗಡ್ಡೆ ತಾನೇ ಒಂದು ರಸ ಮಾಡುತ್ತೆ, ನರ ಬೆಳೆಸೋ ರಸ. ಅದು ಸಿಕ್ಕಿದ್ರೆ ಸುತ್ತಲಿನ ನರ ಗಡ್ಡೆ ಕಡೆಗೆ ಚಿಗುರು ಬಿಡುತ್ತೆ. ಗಡ್ಡೆಗೂ ಅದೇ ರಸ ಊಟ. ಕೊಬ್ಬಿ ಬೆಳೆದು, ನರದ ಗುಂಟ ದಾರಿ ಮಾಡ್ಕೊಂಡು ಹೊರಟುಬಿಡುತ್ತೆ. ನಮ್ಮ ಹೆಂಗಸರಲ್ಲಿ ಆ ನರ ಎಷ್ಟಿದೆ ಅಂತ ಎಣಿಸ್ತಿದೀನಿ. ನನಗೆ ಅಂಚು ಬೇಕು, ಕೊಬ್ಬಿನ ಸಮೇತ."

"ಪದರ ಹರಿಯುತ್ತೆ, ಡಾಕ್ಟ್ರೇ."

"ಹರೀಲಿ ಬಿಡಿ."

ಹರೀಲಿ ಬಿಡಿ ಅಂತೆ! ನನಗೆ, ಮೊಂಜಿಗೆ! ತಲೆ ಆಡಿಸಿದೆ. ಕೆತ್ತುವುದನ್ನು ಮಾತ್ರ ಬಿಡಲಿಲ್ಲ; ಅಂಚು ಅನ್ನಿಸುವಷ್ಟು ಕೊಬ್ಬಿನ ತೆಳು ಗೆರೆ ಉಳಿಸುತ್ತಿದ್ದೆ, ಅಷ್ಟೇ.

ಆ ವಸಂತದಲ್ಲಿ ಮನ್ನೂಬಿಯಾಳ ಗಡ್ಡೆಯೂ ನನ್ನ ಮೇಜಿಗೆ ಬಂತು. ನಮ್ಮ ಓಣಿಯವಳು, ಆಸ್ಪತ್ರೆಯ ಗೇಟಿನ ಪಕ್ಕ ಮಣ್ಣಿನ ಒಲೆ ಹೂಡಿ ರೊಟ್ಟಿ ಸುಡುವವಳು. ನನ್ನ ಗಾಜು ನೋಡಿ ಡಾಕ್ಟರು ವರದಿ ಬರೆದರು: ಗಡ್ಡೆ ಚಿಕ್ಕದು, ಅಂಚಿನಲ್ಲಿ ಏನೂ ಇಲ್ಲ, ಆಪರೇಷನ್ ಆಗಿದ್ದೇ ಸಾಕು, ಬೇರೆ ಚಿಕಿತ್ಸೆ ಬೇಡ. ಆ ಸುದ್ದಿ ಹೊತ್ತು ಗೇಟಿಗೆ ಓಡಿದವನು ನಾನೇ. ಅಂದಿನಿಂದ ದಿನಾ ಬೆಳಿಗ್ಗೆ ನನಗೊಂದು ಬಿಸಿ ರೊಟ್ಟಿ.

ಆರು ತಿಂಗಳು ಕಳೆದ ಮೇಲೆ ಒಂದು ದಿನ ಅಂದಳು, "ಮೊಂಜಿ ಅಣ್ಣ, ಕಂಕುಳಿಂದ ಮೊಣಕೈವರೆಗೂ ಕಾದ ಸೂಜಿ ಎಳೆದ ಹಾಗಾಗುತ್ತೆ."

"ದಿನಾ ಒಲೆಯೊಳಗೆ ಕೈ ಇಡೋಳಿಗೆ ಇನ್ನೇನಾಗುತ್ತೆ? ನಿನ್ನ ಗಡ್ಡೆ ನಾನೇ ಸೀಳಿದ್ದು. ಕನ್ನಡಿ ಥರ ಇತ್ತು."

"ಹಾಗಾದ್ರೆ ಸರಿ. ಡಾಕ್ಟ್ರುಗಳಿಗಿಂತ ನಿನ್ನ ಮಾತು ಸಾಕು ನನಗೆ."

ನಾನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ.

ಅದೇ ವಾರ ರೌಧಾ ತಮ್ಮ ಕಾಗದ ಹಿಡಿದು ಬಂದರು. "ವಿಚಿತ್ರ, ಸಿ ಮೊಂಜಿ. ನಲವತ್ತು ಹೆಂಗಸರು, ಒಬ್ಬರ ಅಂಚಲ್ಲೂ ನರ ಇಲ್ಲ. ನಮ್ಮ ಹೆಂಗಸರಿಗೆ ನರಾನೇ ಇಲ್ವೇನ್ರೀ? ನಮ್ಮತ್ತೆಗಂತೂ ಇದೆ, ನಾನು ಗ್ಯಾರಂಟಿ!" ನಕ್ಕರು. "ಇರಲಿ, ಗುರುವಾರ ಇದನ್ನೇ ಬರೆದು ಡಾಕ್ಟರುಗಳ ಪತ್ರಿಕೆಗೆ ಕಳಿಸ್ತೀನಿ. ಕೊನೇಲಿ ನಿಮ್ಮ ಹೆಸರೂ ಹಾಕಿದೀನಿ. ಇಷ್ಟು ಚಂದದ ಪದರ ನಾನೆಲ್ಲೂ ನೋಡಿಲ್ಲ."

ಹೊಗಳಿಕೆ ಕೇಳಿ ಬೆವರಿದ್ದು ಅದೇ ಮೊದಲು. ಬೈದಿದ್ದರೆ ಜಗಳವಾಡಿ ಬಚಾವಾಗುತ್ತಿದ್ದೆ.

ಉಳಿಕೆಯ ಕಪಾಟಿಗೆ ಹೋಗಿ ಮನ್ನೂಬಿಯಾಳ ಜಾಡಿ ಹುಡುಕಿ ತೆಗೆದೆ. ಕೆತ್ತಿ ಎಸೆದ ಕೊಬ್ಬು ತಳದಲ್ಲಿ ಹಾಗೇ ಕೂತಿತ್ತು. ಅದನ್ನು ಮೇಣಕ್ಕೆ ಹಾಕಿ ಸೀಳಿದೆ. ಪದರ ಹರಕು ಬಟ್ಟೆಯ ಹಾಗೆ ಬಂತು. ನರಕ್ಕೆ ಹತ್ತುವ ಕಂದು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನರವಿತ್ತು, ಒಂದಲ್ಲ, ಗೊಂಚಲು. ಪ್ರತಿಯೊಂದನ್ನೂ ಗಡ್ಡೆಯ ಕಣಗಳು ತಬ್ಬಿ ಕೂತಿದ್ದವು.

ಗಾಜನ್ನು ರೌಧಾ ಮುಂದಿಟ್ಟೆ. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅದನ್ನು ಅಂಚಿನಿಂದ ಅಂಚಿಗೆ ಸರಿಸಿ ನೋಡಿದರು.

"ಎಷ್ಟು ಜನರದ್ದು ಹೀಗೆ ಕೆತ್ತಿದ್ರಿ?"

"ಎಲ್ಲರದ್ದೂ."

"ನಾನು ಹೇಳಿದ್ದೆ."

"ಹೇಳಿದ್ರಿ."

ಕೂಗುತ್ತಾರೆಂದು ಕಾದೆ. ಕೂಗಲಿಲ್ಲ. ಕಾಗದವನ್ನು ಎರಡಾಗಿ ಮಡಚಿ ಡ್ರಾಯರಿಗೆ ಹಾಕಿದರು. "ಜಾಡಿ ಎಲ್ಲಾ ಇದೆಯಲ್ಲ? ನಲವತ್ತೂ ಮತ್ತೆ ಸೀಳಿ. ಈ ಹೆಂಗಸನ್ನ ಇವತ್ತೇ ನೋಡ್ಬೇಕು. ನಾನು ಹೇಳಿ ಕಳಿಸ್ತೀನಿ."

"ಬೇಡ. ಅವಳಿಗೆ ಏನೂ ಇಲ್ಲ ಅಂದವನು ನಾನು. ನಾನೇ ಹೋಗ್ತೀನಿ."

ಗೇಟಿನ ಬಳಿ ನನ್ನನ್ನು ಕಂಡ ಕೂಡಲೇ ಮನ್ನೂಬಿಯಾ ರೊಟ್ಟಿ ಚಾಚಿದಳು. ಹಾಳು ಕೈ, ಅಭ್ಯಾಸಬಲದಿಂದ ತೆಗೆದುಕೊಂಡೇಬಿಟ್ಟಿತು.

"ನಿನ್ನ ನೋವು ಒಲೆಯದ್ದಲ್ಲ ಕಣೇ. ಗಡ್ಡೆ ನರಕ್ಕೆ ಹತ್ತಿದೆ. ಆ ನರ ಇದ್ದ ತುಂಡನ್ನ ನಾನು ಕೆತ್ತಿ ಎಸೆದಿದ್ದೆ. ಡಾಕ್ಟ್ರು ನೋಡಲೇ ಇಲ್ಲ."

"ಯಾಕೆ ಎಸೆದೆ?"

"ಚಂದ ಕಾಣ್ಲಿ ಅಂತ."

ಅವಳು ಹಿಟ್ಟಿನ ಕೈಯನ್ನು ಮಡಿಲಿಗೆ ನಿಧಾನವಾಗಿ ಒರೆಸಿಕೊಂಡಳು. "ಚಂದ ಕಾಣ್ಲಿ ಅಂತ," ಅಂದಳು. ಆಮೇಲೆ, "ಆ ರೊಟ್ಟಿ ಕೆಳಗಿಡು."

ಇಟ್ಟೆ.

ಅವಳ ರೊಟ್ಟಿಯ ಬುಟ್ಟಿ ಎತ್ತಿಕೊಡಲು ಬಗ್ಗಿದೆ, ಅವಳು ಬಿಡಲಿಲ್ಲ. ನೋವಿಲ್ಲದ ಕೈಯಿಂದ ತಾನೇ ಎತ್ತಿಕೊಂಡಳು. "ನಡಿ. ಯಾವ ಡಾಕ್ಟ್ರು, ತೋರಿಸು."

ಲ್ಯಾಬಿನವರೆಗೂ ನಾನು ಮುಂದೆ, ಅವಳು ಹಿಂದೆ. ಅವಳ ಚಪ್ಪಲಿಯ ಸದ್ದು ಬರುತ್ತಲೇ ಇತ್ತು. ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ, ಆಗಲಿಲ್ಲ.