ಇಳಿದ ಶ್ರುತಿ

ಸೆಲಿನಾ ತಾನೇ ಕಟ್ಟಿ ನಾಲ್ಕು ತಿಂಗಳು ತಿದ್ದಿದ, ಪ್ರೋಗ್ರೆಸಿವ್ ಹೌಸ್ ಎಂಬ ಕುಣಿತದ ಶೈಲಿಯ ಹಾಡನ್ನು ಡಿಜೆ ಓವಿಡಿಯೊ ಭಾನುವಾರ ನದಿದಂಡೆಯ ಕುಣಿತದಲ್ಲಿ ನುಡಿಸುವವನಿದ್ದ. ಅದಕ್ಕೆ ಮೊದಲು, ಶನಿವಾರ ಮಧ್ಯಾಹ್ನ, ಬ್ಯೂನಸ್ ಐರಿಸ್‌ನ ತನ್ನ ನೆಲಮಾಳಿಗೆಗೆ ಅವಳನ್ನು ಕರೆದು, ತನ್ನದೊಂದು ಹಾಡಿನೊಡನೆ ಬೆರೆಸಿ ನೋಡಿದ. ಒಂದು ಹಾಡು ಮೆಲ್ಲಗೆ ಇನ್ನೊಂದರೊಳಗೆ ಕರಗಬೇಕಾದರೆ ಎರಡರ ಶ್ರುತಿಯೂ ಕೂಡಬೇಕು. ಅದಕ್ಕೇ ಹಾಡಿನ ಹೆಸರಿನ ಮುಂದೆ ಶ್ರುತಿಯನ್ನೂ ಬರೆದಿಡುತ್ತಾರೆ. ಸೆಲಿನಾಳೂ ಬರೆದಿದ್ದಳು.

ಅವಳ ಹಾಡಿನ ತಗ್ಗುದನಿಯ ಬಾಸ್ ಒಳಬಂದದ್ದೇ ತಡ, ಕಿವಿಗೆ ಹುಳಿ ಹಿಂಡಿದಂತಾಯಿತು.

“ಏನೇ ಹುಡುಗಿ, ಎರಡೂ ಸವತಿಯರ ಹಾಗೆ ಕಚ್ಚಾಡ್ತಿವೆಯಲ್ಲೇ! ಶ್ರುತಿ ಬರೆದಿದ್ದು ನಿಮ್ಮಜ್ಜಿನಾ?” ಓವಿಡಿಯೊ ಮಾಟೆ ಕಷಾಯ ಹೀರುತ್ತ ನಕ್ಕ.

ಸೆಲಿನಾಗೆ ಹೊಳೆಯಿತು. ಕಳೆದ ವಾರ ನಿದ್ದೆಗಣ್ಣಿನಲ್ಲಿ ಹಾಡಿನ ವೇಗ ಇಳಿಸಿದ್ದಳು. ಅದರೊಡನೆ ಶ್ರುತಿಯೂ ಅರ್ಧ ಸ್ವರ ಇಳಿದಿತ್ತು. ಬರೆದಿಟ್ಟದ್ದು ಮಾತ್ರ ಹಳೆಯದು. ಅದನ್ನೇ ಅವನಿಗೆ ಹೇಳಿದಳು.

“ಶ್ರುತಿ ಮೇಲೆತ್ತಿ ಇವತ್ತೇ ಕೊಡು, ನಾಳೆ ಹಾಕ್ತೀನಿ,” ಎಂದ ಓವಿಡಿಯೊ.

ಅವಳು ತನ್ನ ಹಾಡನ್ನಷ್ಟೇ ಮತ್ತೆ ಹಾಕಿ ಕೇಳತೊಡಗಿದಳು. ಇಳಿದ ಶ್ರುತಿಯಲ್ಲಿ ಅದು ಭಾರವಾಗಿತ್ತು, ದಣಿದಿತ್ತು. ಮೊದಲ ಬಾರಿಗೆ ತನ್ನದು ಅನ್ನಿಸಿತು.

“ಇದು ಹೀಗೇ ಇರ್ಲಿ ಓವಿಡಿಯೊ. ನೀನೇ ಬೇರೆ ಹಾಡು ಜೋಡಿಸು.”

“ನನ್ ಹಾಡುಗಳ ಸರಣಿ ಎಲ್ಲಾ ಬಿಚ್ಚಿ ಮತ್ತೆ ಹೆಣೀಲಾ? ಆಗಲ್ಲ ಕಣೇ. ಹಾಗಾದ್ರೆ ನಾಳೆ ಬೇಡ.”

“ಬೇಡ ಬಿಡು,” ಎಂದಳು ಸೆಲಿನಾ. ಅಳು ಬಂದೀತೆಂದು ಹೆದರಿ ಮುಖ ತಿರುಗಿಸಿದಳು. ಬಂದದ್ದು ಆಕಳಿಕೆ. ಅಲ್ಲೇ ಸೋಫಾದ ಮೇಲೆ ಕಾಲು ಚಾಚಿ, ತನ್ನ ಹಾಡು ಮುಗಿಯುವ ಮೊದಲೇ ನಿದ್ದೆ ಹೋದಳು.