ಎಫ್-ಒನ್ ಒತ್ತಿ ಮುಂದೆ ಹೋಗಿ

ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ಮೊದಲು ನಮ್ಮ ಬಾಗಿಲು ಬಡಿಯುತ್ತಿದ್ದರು. ನನ್ನ ಗಂಡ ಎವೆಲಿಯೊ ಅದನ್ನು ಎಲ್ಲೂ ಓದಿ ಕಲಿತವನಲ್ಲ. ನಮ್ಮ ಕಡಲೂರು ಮಾನ್ಸಾನಿಯೊದ ಹಾಡುಮನೆಯಲ್ಲಿ ತಲೆ ನರೆಯುವವರೆಗೂ ಗಿಟಾರ್ ತಬ್ಬಿಕೊಂಡು ಬೊಲೆರೊ ಹಾಡಿದವನು. ಬೊಲೆರೊ ಅಂದರೆ ಪ್ರೀತಿ ಮಾಡಿ ಕೈ ಸುಟ್ಟುಕೊಂಡವರ ಹಾಡು. ನಮ್ಮೂರಿನ ಗಂಡಸರು ಮನೆಯಲ್ಲಿ ಬಾಯಿಬಿಟ್ಟು ಹೇಳಲಾರದ್ದನ್ನೆಲ್ಲ ಅದರಲ್ಲಿ ತುಂಬಿ ಊರಿಗೇ ಕೇಳಿಸುತ್ತಾರೆ. ಮಗಳು ಮೈಲಿನ್ ಒಂದೊಂದು ಬಿಡಿಭಾಗವನ್ನು ಒಂದೊಂದು ಕಡೆಯಿಂದ ಹೊಂಚಿ ತಂದು ನಮಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟ ಮೇಲೆ ಇವನಿಗೆ ಎರಡನೇ ಹುಚ್ಚು ಹತ್ತಿತು.

ಅವನ ಹತ್ತಿರ ಎಲ್ಲದಕ್ಕೂ ಒಂದು ಉಪಾಯವಿತ್ತು. ಪರದೆ ಕಪ್ಪಾಗಿ ಒಳಗಿನಿಂದ ಬೀಪ್ ಬೀಪ್ ಎಂದರೆ ಪೆಟ್ಟಿಗೆ ಬಿಚ್ಚಿ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹೊಳೆಯುವ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಬೇಕು. ಬಿಸಿಯೇರಿ ತಾನಾಗಿಯೇ ಆರಿಹೋದರೆ ಫ್ಯಾನಿಗೆ ಮೆತ್ತಿದ ದೂಳನ್ನು ಬಣ್ಣ ಬಳಿಯುವ ಬ್ರಶ್ಶಿನಿಂದ ಗುಡಿಸಬೇಕು. ಪೆನ್ ಡ್ರೈವ್ ತೆರೆದಾಗ ಖಾಲಿ ಕಂಡರೆ ಅಳುತ್ತ ಕೂರಬಾರದು, ಯಾವುದೋ ವೈರಸ್ ಕಡತಗಳನ್ನು ಬಚ್ಚಿಟ್ಟಿರುತ್ತದೆ, ಬಚ್ಚಿಟ್ಟಿದ್ದನ್ನು ತೋರಿಸು ಎಂದು ಕೇಳಿದರೆ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಮುಗಿದೊಡನೆ ಗೋಡೆಯಿಂದ ಪ್ಲಗ್ ಕೀಳಬೇಕು. ಗುಡುಗು ಸಿಡಿಲು ಯಾರ ಅಪ್ಪಣೆ ಕೇಳಿಕೊಂಡೂ ಬರುವುದಿಲ್ಲ ಎಂದು ಬಂದವರಿಗೆಲ್ಲ ಬೋಧಿಸುತ್ತಿದ್ದ. ನಮ್ಮ ಅಡುಗೆಮನೆಯ ನಲ್ಲಿ ಮಾತ್ರ ವರ್ಷಗಟ್ಟಲೆ ತೊಟ್ಟಿಕ್ಕುತ್ತಲೇ ಇತ್ತು.

ಇಷ್ಟೆಲ್ಲ ಬಲ್ಲವನ ಸ್ವಂತ ಯಂತ್ರಕ್ಕೆ ಒಂದು ರೋಗವಿತ್ತು. ಪ್ರತಿಸಲ ಹಚ್ಚಿದಾಗಲೂ ಅದು ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬರೆದು ನಿಂತುಬಿಡುತ್ತಿತ್ತು: ಇವತ್ತಿನ ತಾರೀಖು ನನಗೆ ಗೊತ್ತಿಲ್ಲ, ಮುಂದುವರಿಯಬೇಕಾದರೆ ಎಫ್-ಒನ್ ಒತ್ತಿ. ಒಳಗೆ ಬಿಲ್ಲೆಯಂಥ ಒಂದು ಬ್ಯಾಟರಿ ಸತ್ತಿದೆ, ಅದಕ್ಕೇ ಪ್ಲಗ್ ಕಿತ್ತ ತಕ್ಷಣ ಯಂತ್ರ ದಿನ ಮರೆಯುತ್ತದೆ, ಗಡಿಯಾರ ರಿಪೇರಿಯವನ ಹತ್ತಿರ ಅಂಥದ್ದು ಸಿಗುತ್ತದೆ ಎಂದು ಮೈಲಿನ್ ಬಿಡಿಸಿ ಹೇಳಿದಳು. ಎಫ್-ಒನ್ ಇರುವಾಗ ಬ್ಯಾಟರಿ ಯಾಕೆ ಎಂದು ಇವನು ನಕ್ಕ. ಮೊದಮೊದಲು ದಿನಾ ಕೂತು ತಾರೀಖು ತಿದ್ದುತ್ತಿದ್ದ. ಆಮೇಲೆ ಅದೂ ಬೇಜಾರಾಗಿ, ಎಫ್-ಒನ್ ಒತ್ತಿ ಮುಂದೆ ಹೋಗತೊಡಗಿದ. ಅಲ್ಲಿಂದ ಆ ಯಂತ್ರಕ್ಕೆ ಪ್ರತಿದಿನವೂ ಎಂದೋ ಕಳೆದುಹೋದ ವರ್ಷದ ಜನವರಿ ಒಂದು. ನಿನ್ನ ಪೆಟ್ಟಿಗೆಯೊಳಗೆ ದಿನಾ ಹೊಸ ವರ್ಷ, ನನ್ನ ಬಾಣಲೆಗೆ ಮಾತ್ರ ಹೊಸ ವರ್ಷಕ್ಕೆ ಹುರಿಯಬೇಕಾದ ಹಂದಿ ಮಾಂಸದ ವಾಸನೆಯೂ ಇಲ್ಲ ಎಂದು ನಾನು ಕಾಲೆಳೆಯುತ್ತಿದ್ದೆ. ತಮಾಷೆಯ ಸಂಗತಿ ಎಂದೇ ನಾವೆಲ್ಲ ತಿಳಿದಿದ್ದೆವು.

ಈಗ ಒರೆಸ್ತೆಸ್ ವಿಷಯ ಹೇಳಬೇಕು. ಎವೆಲಿಯೊ ಮೊದಲ ದನಿ, ಒರೆಸ್ತೆಸ್ ಎರಡನೇ ದನಿ. ಮೊದಲ ದನಿ ಹಾಡನ್ನು ಮುಂದೆ ಎಳೆದುಕೊಂಡು ಹೋದರೆ ಎರಡನೆಯದು ಅದರ ಕೆಳಗೆ ಕೈಕೊಟ್ಟು ಬೀಳದಂತೆ ನಡೆಸುತ್ತದೆ. ಮೈಲಿನಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತವನೂ ಅವನೇ. ಆ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಪಾಯ್ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಅದು ಒಡಹುಟ್ಟಿದವರಿಗಿಂತ ಒಂದು ತೂಕ ಹೆಚ್ಚಿನ ಸಂಬಂಧ. ಅಂಥವನು ಒಂದು ದಿನ ಹೇಳದೆ ಕೇಳದೆ ಉತ್ತರದ ಕಡಲತೀರದ ದೊಡ್ಡ ಹೋಟೆಲಿಗೆ, ವಿದೇಶೀಯರ ಮುಂದೆ ಬೇರೆ ಯಾರದೋ ಜೊತೆ ಹಾಡಲು ಹೋಗಿಬಿಟ್ಟ. ಅವನ ಹೆಂಡತಿಗೆ ಕಾಯಿಲೆಯಿತ್ತು, ಕೈಯಲ್ಲಿ ಕಾಸಿರಲಿಲ್ಲ, ಹೇಳಿದರೆ ಎವೆಲಿಯೊ ಬಿಡುವುದಿಲ್ಲ ಎಂಬ ಅಳುಕಿತ್ತು. ಇದೆಲ್ಲ ನನಗೆ ಗೊತ್ತಿತ್ತು, ಎವೆಲಿಯೊಗೂ ಗೊತ್ತಿತ್ತು. ಆದರೂ ಅವನು ಕ್ಷಮಿಸಲಿಲ್ಲ. ಒರೆಸ್ತೆಸ್ ವಾಪಸು ಬಂದು ಕಡಲಂಚಿನಲ್ಲೇ ಕೆಳಗಿರುವ ಕಾಂಪೆಚುವೇಲಾದಲ್ಲಿ ಮೊಮ್ಮಗಳ ಜೊತೆ ಇದ್ದರೂ ಇವನು ಆ ದಾರಿ ತುಳಿಯಲಿಲ್ಲ.

ತುಳಿಯದೆ ಏನು ಮಾಡಿದ? ಒಂದು ಬೊಲೆರೊ ಕಟ್ಟಿದ. ಕಂಪ್ಯೂಟರಿನ ಮುಂದೆ ಮೈಕು ಇಟ್ಟು ಹಾಡಿ ತುಂಬಿಸಿದ. ಅದರ ಒಂದು ಸಾಲು ಕೇಳಿ ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. 'ಎರಡನೇ ದನಿಗೆ ಸ್ವಂತ ದಾರಿಯೆಲ್ಲಿ, ಯಾರು ಮುಂದೆ ನಡೆದರೂ ಅವರ ನೆರಳು.' ಇದನ್ನು ಯಾರ ಮುಂದೆಯಾದರೂ ಹಾಡಿದರೆ ನಿನಗೆ ಊಟ ಹಾಕುವುದಿಲ್ಲ ಎಂದೆ. ಅವನು ಹಾಡಲಿಲ್ಲ, ಅಳಿಸಲೂ ಇಲ್ಲ. ಆಗಿನ್ನೂ ದಿನಾ ತಾರೀಖು ತಿದ್ದುತ್ತಿದ್ದ ಕಾಲ.

ಮಾರನೇ ವರ್ಷ ಚಳಿಗಾಲದಲ್ಲಿ ಕಾಂಪೆಚುವೇಲಾಕ್ಕೂ ನಮ್ಮೂರಿಗೂ ಜನರನ್ನು ಹೊತ್ತು ತಿರುಗುವ ಟ್ರಕ್ಕಿನವನು ನೊಲ್ಬೆರ್ತೊ ನಮ್ಮ ಮನೆಗೆ ಒಂದು ಪೊಟ್ಟಣ ತಂದುಕೊಟ್ಟ. ಬಾಳೆಯ ಒಣಪಟ್ಟೆಯಲ್ಲಿ ಸುತ್ತಿದ ಸೀಬೆಹಣ್ಣಿನ ಗಟ್ಟಿ ಹಲ್ವ, ಎವೆಲಿಯೊಗೆ ಪ್ರಾಣ. ಜೊತೆಗೆ ಒಂದು ಮಾತೂ ಇರಲಿಲ್ಲ. ಕಳಿಸಿದ್ದು ಯಾರು ಎಂದು ಕೇಳಬೇಕಾಗಿಯೂ ಇರಲಿಲ್ಲ. ಎವೆಲಿಯೊ ಒಂದು ತುಂಡು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿಯುತ್ತ ಕೂತ. ಸಂಜೆ ಗಿಟಾರ್ ತೆಗೆದ.

ಅದೇ ರಾಗ ಇಟ್ಟುಕೊಂಡು ಮಾತುಗಳನ್ನೆಲ್ಲ ಬದಲಾಯಿಸಿದ. ನೆರಳಿನ ಸಾಲು ಹೋಯಿತು. 'ನೀನಿಲ್ಲದೆ ನನ್ನ ಹಾಡು ಒಂಟಿ ಕಾಲಲ್ಲಿ ನಿಂತಿದೆ' ಎಂಬ ಸಾಲು ಬಂತು. ಪ್ರತಿ ಸಾಲಿನ ನಡುವೆ ತಾನು ಸುಮ್ಮನಾಗಿ ಬರೀ ಗಿಟಾರ್ ನುಡಿಸಿ ಎರಡನೇ ದನಿಗೆ ಜಾಗ ಬಿಟ್ಟ. ಒರೆಸ್ತೆಸ್ ಅದನ್ನು ಕೇಳಿ ತನ್ನ ಪಾಲು ಕಲಿತುಕೊಂಡು ಬಂದರೆ, ಮಾರ್ಚಿನಲ್ಲಿ ಹಾಡುಗಾರರ ಹಬ್ಬದ ದಿನ ಇಬ್ಬರೂ ಮತ್ತೆ ಒಟ್ಟಿಗೆ ಹಾಡುಮನೆಯ ಕಟ್ಟೆ ಹತ್ತುವುದು ಎಂಬುದು ಅವನ ಲೆಕ್ಕ. ಬಾಯಿಬಿಟ್ಟು ಕ್ಷಮೆ ಕೇಳುವ ಜಾತಿ ಅವನದಲ್ಲ. ಆ ಬಿಟ್ಟ ಜಾಗಗಳೇ ಅವನ ಕ್ಷಮೆ.

ಸರಿಬರುವವರೆಗೂ ಹಾಡಿ ಹಾಡಿ ತುಂಬಿಸಿದ. ಕಡತಗಳಿಗೆ 'ಬೊಲೆರೊ ಕೊನೆಯದು', 'ಬೊಲೆರೊ ಖಂಡಿತ ಕೊನೆಯದು', 'ಇದೇ' ಎಂದೆಲ್ಲ ಹೆಸರಿಟ್ಟು ಕೊನೆಗೆ ತಾನೇ ಗೊಂದಲಕ್ಕೆ ಬಿದ್ದ. ನೊಲ್ಬೆರ್ತೊ ಟ್ರಕ್ಕು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ, ಹಿಂದೆ ನಿಂತಿದ್ದ ಪ್ರಯಾಣಿಕರು ಬೈಯುತ್ತಿದ್ದರು. ಎವೆಲಿಯೊ ಬೀದಿಗೆಲ್ಲ ಕಲಿಸಿದ್ದ ಇನ್ನೊಂದು ಉಪಾಯವನ್ನೇ ಮಾಡಿದ. ತಾರೀಖಿನ ಪ್ರಕಾರ ಜೋಡಿಸು ಎಂದ, ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಪೆನ್ ಡ್ರೈವಿಗೆ ಎಳೆದ.

"ಒಂದ್ಸಲ ಹಾಕಿ ಕೇಳಬಾರದಾ?" ಎಂದೆ.

"ಮೇಲಿರೋದೇ ಹೊಸದು ಮುದುಕಿ, ಇಷ್ಟೂ ಗೊತ್ತಿಲ್ವಾ? ಮನುಷ್ಯ ಸುಳ್ಳು ಹೇಳ್ತಾನೆ, ಮಷೀನು ಹೇಳಲ್ಲ."

ಪೆನ್ ಡ್ರೈವನ್ನು ಒಂದು ಹಳೆಯ ಮಾತ್ರೆ ಡಬ್ಬಿಯಲ್ಲಿಟ್ಟು ನೊಲ್ಬೆರ್ತೊನ ಕೈಗೆ ಕೊಟ್ಟ. ಆಮೇಲೆ ಶಿಳ್ಳೆ ಹಾಕುತ್ತ ಬಂದು ನಮ್ಮ ಅಡುಗೆಮನೆಯ ನಲ್ಲಿಯನ್ನು ರಿಪೇರಿ ಮಾಡಿದ. ಅಷ್ಟು ಖುಷಿಯಾಗಿದ್ದ.

ಉತ್ತರ ಬರಲಿಲ್ಲ. ಮೊದಲ ವಾರ ಒರೆಸ್ತೆಸ್ ಅಭ್ಯಾಸ ಮಾಡುತ್ತಿರುತ್ತಾನೆ ಎಂದ. ಆಮೇಲೆ ಅವನ ಮೊಮ್ಮಗಳ ಕಂಪ್ಯೂಟರ್ ಕೆಟ್ಟಿರಬೇಕು, ನಾನು ಹೋಗಿ ನೋಡಲೇ ಎಂದ. ಹೋಗು ಎಂದೆ. ಹೋಗಲಿಲ್ಲ. ಹಬ್ಬದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಾಡುಮನೆಗೆ ಹೋದ. ಕಂಪಾಯ್‌ಗೆಂದು ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದ. ನಾನು ಮನೆಯಲ್ಲಿ ಒರೆಸ್ತೆಸ್‌ಗೆ ಇಷ್ಟವೆಂದು ಲಿಸೇತಾ ಮೀನು ಹುರಿದು ಕಾದೆ. ಸಂಜೆ ಒಬ್ಬನೇ ಬಂದ.

"ನಾನು ಬಗ್ಗಿದೆ, ಅವನು ತಲೆ ತಿರುಗಿಸಿದ. ಇನ್ನು ಈ ಮನೇಲಿ ಅವನ ಹೆಸರು ಎತ್ತಬೇಡ," ಎಂದ.

ನಾನೂ ಎತ್ತಲಿಲ್ಲ. ಎತ್ತಬೇಕಾಗಿತ್ತು. ಇವನ ಕೈ ಹಿಡಿದು ದರದರ ಎಳೆದುಕೊಂಡು ಆ ಟ್ರಕ್ಕು ಹತ್ತಿಸಬೇಕಾಗಿತ್ತು. ಬೇರೆಲ್ಲಕ್ಕೂ ಬಾಯಿ ಹಾಕುವ ನಾನು ಅದೊಂದಕ್ಕೆ ಸುಮ್ಮನಿದ್ದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒರೆಸ್ತೆಸ್ ತೀರಿಕೊಂಡನೆಂದು ನೊಲ್ಬೆರ್ತೊ ಬಂದು ಹೇಳಿದ. ಶ್ವಾಸಕೋಶದ ಕಾಯಿಲೆಯಂತೆ, ಚಳಿಗಾಲದಿಂದಲೂ ನರಳುತ್ತಿದ್ದನಂತೆ. ಎವೆಲಿಯೊ ಬರುವುದಿಲ್ಲ ಎನ್ನುತ್ತಾನೆಂದು ಅಂದುಕೊಂಡಿದ್ದೆ. ಅವನು ನನಗಿಂತ ಮೊದಲೇ ಟ್ರಕ್ಕಿನಲ್ಲಿ ಕೂತಿದ್ದ.

ಮಣ್ಣು ಮಾಡಿ ಬಂದ ಮೇಲೆ ಮೊಮ್ಮಗಳು ದಯಾಮಿ ಅದೇ ಮಾತ್ರೆ ಡಬ್ಬಿಯನ್ನು ಇವನ ಕೈಯಲ್ಲಿಟ್ಟಳು.

"ಅಜ್ಜ ಇದರ ಮೇಲೆ ತಮ್ಮ ದನೀನೂ ಸೇರಿಸಿದಾರೆ ಚಿಕ್ಕಜ್ಜ. ಒಂದೊಂದು ಸಾಲಿಗೂ ಉಸಿರು ಕಟ್ತಿತ್ತು, ತುಂಬಾ ದಿನ ಹಿಡೀತು. ಹುಷಾರಾದ ಮೇಲೆ ನಾನೇ ಹೋಗಿ ಕಂಪಾಯ್ ಕೈಗೆ ಕೊಡ್ತೀನಿ ಅಂತ ಇಟ್ಕೊಂಡಿದ್ರು."

ದಾರಿಯುದ್ದಕ್ಕೂ ಎವೆಲಿಯೊ ಆ ಡಬ್ಬಿಯನ್ನು ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದಿದ್ದ. ಹಾಡಿದಾನೆ, ನನ್ನ ಕಂಪಾಯ್ ಹಾಡಿದಾನೆ ಎಂದು ಮತ್ತೆ ಮತ್ತೆ ಹೇಳಿದ. ಸತ್ತವನ ಮನೆಯಿಂದ ಬರುತ್ತಿದ್ದರೂ ಆ ಮುಖದಲ್ಲಿ ಬೆಳಕಿತ್ತು. ಮನೆಗೆ ಬಂದವನೇ ಯಂತ್ರ ಹಚ್ಚಿದ, ಎಫ್-ಒನ್ ಒತ್ತಿದ, ಪೆನ್ ಡ್ರೈವ್ ಸಿಕ್ಕಿಸಿದ.

ಗಿಟಾರ್ ಶುರುವಾಯಿತು. ಎವೆಲಿಯೊನ ದನಿ ಬಂತು. ಅದರ ಕೆಳಗೆ ತೆಳ್ಳಗೆ, ಏದುಸಿರಿನಲ್ಲಿ, ಆದರೆ ಒಂದು ಎಳೆಯೂ ತಪ್ಪದೆ ಒರೆಸ್ತೆಸ್ ಹಾಡುತ್ತಿದ್ದ. ಎರಡನೇ ದನಿಗೆ ಸ್ವಂತ ದಾರಿಯೆಲ್ಲಿ. ಯಾರು ಮುಂದೆ ನಡೆದರೂ ಅವರ ನೆರಳು. ತನ್ನನ್ನು ಹಳಿಯುವ ಆ ಮಾತುಗಳಿಗೆ ಅವನೇ ಕೈಕೊಟ್ಟು ಬೀಳದಂತೆ ನಡೆಸಿದ್ದ. ಹಾಡು ಮುಗಿದು, ಕೆಮ್ಮಿ, ಅವನು ಮಾತಾಡಿದ.

"ಕಂಪಾಯ್, ಮೂರನೇ ಸಾಲಲ್ಲಿ ಸ್ವಲ್ಪ ಅವಸರ ಮಾಡಿದೀಯ, ನಾನು ಹಿಂದೇನೇ ಬಂದಿದೀನಿ. ಉಳಿದ ಹಾಗೆ ನೀನು ಹೇಳಿದ್ದರಲ್ಲಿ ತಪ್ಪೇನಿಲ್ಲ."

ಎವೆಲಿಯೊ ಕುರ್ಚಿಯಿಂದ ಏಳಲಿಲ್ಲ. ಇದು ಹೇಗೆ ಹೋಯಿತು, ನಾನು ಕಳಿಸಿದ್ದು ಹೊಸದು ಎನ್ನುತ್ತಿದ್ದ. ಕನ್ನಡಕ ಹುಡುಕಿ ಅವನ ಮೂಗಿನ ಮೇಲಿಟ್ಟೆ. ಹಾಡುಗಳಿದ್ದ ಜಾಗ ತೆರೆದು, ಪಕ್ಕದಲ್ಲಿದ್ದ ತಾರೀಖುಗಳನ್ನು ನಾನೇ ಓದಿ ಹೇಳಿದೆ. ಬೈಗುಳದ ಹಾಡಿಗೆ ಹಿಂದಿನ ವರ್ಷದ ಸರಿಯಾದ ದಿನ. ಹೊಸ ಹಾಡುಗಳೆಲ್ಲ ಅದಕ್ಕಿಂತ ಎಷ್ಟೋ ಹಿಂದಿನ ಜನವರಿ ಒಂದು ಎಂದು ಬರೆಸಿಕೊಂಡು ತಳದಲ್ಲಿ ಬಿದ್ದಿದ್ದವು. ಯಂತ್ರದ ಮಟ್ಟಿಗೆ ಸಿಟ್ಟು ಈಚಿನದು, ಪ್ರೀತಿ ಹಳೆಯದು. ಅವನು ತಿಳಿದುಕೊಂಡ. ಕನ್ನಡಕ ತೆಗೆದು ಮೇಜಿನ ಮೇಲೆ ತಲೆಯಿಟ್ಟ. ನಾನು ಬೆನ್ನ ಮೇಲೆ ಕೈಯಿಟ್ಟು ನಿಂತೆ, ಮೈಲಿನ್ ಹುಟ್ಟಿದ ದಿನದ ನಂತರ ಅವನು ಅಳುವುದನ್ನು ನಾನು ನೋಡಿರಲಿಲ್ಲ.

ಬೆಳಿಗ್ಗೆ ಗಡಿಯಾರ ರಿಪೇರಿಯವನ ಹತ್ತಿರ ಹೋಗಿ ಬ್ಯಾಟರಿ ತಂದು ಹಾಕಿದ. ಈಗ ಯಂತ್ರ ತಕರಾರಿಲ್ಲದೆ ಏಳುತ್ತದೆ. ಎಫ್-ಒನ್ ಕೇಳುವುದಿಲ್ಲ.

ಒರೆಸ್ತೆಸ್ ತೀರಿ ತಿಂಗಳಾದಾಗ ಚರ್ಚಿನಲ್ಲಿಟ್ಟ ಪೂಜೆಗೆ ನಾವು ಮತ್ತೆ ಕಾಂಪೆಚುವೇಲಾಕ್ಕೆ ಹೋದೆವು. ಹೊಸ ಹಾಡನ್ನು ಈ ಸಲ ಎರಡೆರಡು ಬಾರಿ ಕೇಳಿಯೇ ಎವೆಲಿಯೊ ಪೆನ್ ಡ್ರೈವಿಗೆ ಹಾಕಿಕೊಂಡಿದ್ದ. ನಿನ್ನ ಅಜ್ಜನಿಗೆ ನಾನು ಕಳಿಸಬೇಕಿದ್ದದ್ದು ಇದು ಮಗಳೇ ಎಂದು ದಯಾಮಿಗೆ ಕೊಟ್ಟ. ಬೇರೇನೂ ವಿವರಿಸಲು ಅವನಿಂದ ಆಗಲಿಲ್ಲ. ಆ ಹುಡುಗಿ ತನ್ನ ಕಂಪ್ಯೂಟರಿಗೆ ಹಾಕಿ ಕಿವಿಗೊಟ್ಟು ಕೇಳಿದಳು. ಸಾಲು ಸಾಲಿನ ನಡುವೆ ಎವೆಲಿಯೊನ ದನಿ ನಿಂತು, ಗಿಟಾರ್ ಒಂದೇ ನಡೆದು, ಮತ್ತೆ ದನಿ ಬರುತ್ತಿತ್ತು.

"ಹಾಡು ಚೆನ್ನಾಗಿದೆ ಚಿಕ್ಕಜ್ಜ. ಆದ್ರೆ ಮಧ್ಯೆ ಮಧ್ಯೆ ದನಿ ಕಟ್ ಆಗ್ತಿದೆ, ಎಲ್ಲೋ ಕೆಟ್ಟಿದೆ ಅನ್ಸುತ್ತೆ. ನಿಮಗೆ ಇವೆಲ್ಲ ಬರುತ್ತಲ್ಲ, ಇದನ್ನ ಸರಿ ಮಾಡೋಕಾಗುತ್ತಾ?"

"ಇಲ್ಲ ಮಗಳೇ, ಆಗಲ್ಲ," ಎಂದ ಎವೆಲಿಯೊ.

ಕಂಪ್ಯೂಟರಿನ ವಿಷಯದಲ್ಲಿ ಅವನ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.