ಬಾಗಿಲ ಸಂದಿಯ ಕಂಬಳಿ

ನಮ್ಮ ಮನೆ ಬಾಗಿಲಿಗೆ ಮೊಳೆ ಹೊಡೆಯುವಂತಿಲ್ಲ. ಕಡೂರಿನ ಈ ಮೂರಂತಸ್ತಿನ ಕಟ್ಟಡದ ಯಜಮಾನ ಪರಮೇಶಣ್ಣ ಬೀಗದ ಕೈ ಕೊಡುವಾಗಲೇ ಹೇಳಿದ್ದ: "ಸಾಗುವಾನಿ ಕಣೋ ತಿಮ್ಮೇಶ. ಒಂದ್ ತೂತು ಬಿದ್ರೂ ಅವತ್ತೇ ಗಂಟುಮೂಟೆ ಕಟ್ಬೇಕು."

"ಅಣ್ಣಾ, ಈ ಕೈ ಸುತ್ತಿಗೆ ಹಿಡಿಯಲ್ಲ. ಈ ಕೈ ಕಂಡ್ರೆ ಮೊಳೇನೇ ಹೆದ್ರಿ ಗೋಡೆ ಒಳಗೆ ಹೋಗುತ್ತೆ!"

ಪರಮೇಶಣ್ಣ ನಗಲಿಲ್ಲ. ಸಿನಿಮಾ ನೋಡದವರ ಜೊತೆ ಇದೇ ಕಷ್ಟ.

ಈಗ ಅದೇ ಬಾಗಿಲಿನಿಂದ ಬರುವ ಸದ್ದು ನಿಲ್ಲಿಸಬೇಕಿತ್ತು. ನಮ್ಮಕ್ಕ ಅಕ್ಷತಾ, ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಹತ್ತು ನಿಮಿಷ ಓದಿ ಕಳಿಸಬೇಕು. ಅವಳ ದನಿ ಬಿಟ್ಟು ಬೇರೇನೂ ಕೇಳಬಾರದು. ಮೊದಲ ಸಲ ಎದುರುಮನೆಯ ಪುಟ್ಟಯ್ಯ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿದ. ವಾಪಸ್ ಬಂತು. ಎರಡನೇ ಸಲ ಮೆಟ್ಟಿಲ ಮೇಲೆ ಯಾರೋ, "ಬಂದಿರೋದು ಬಿರುಗಾಳಿ ಅಲ್ಲ, ಬಿರುಗಾಳಿಗೇ ದಾರಿ ತೋರ್ಸೋನು!" ಎಂದು ಕಿರುಚಿದರು. ಅದೂ ವಾಪಸ್ ಬಂತು. ಆ ಯಾರೋ ನಾನೇ. ಮೂರನೆಯದೇ ಕೊನೆ ಅವಕಾಶ, ಶನಿವಾರ ಸಂಜೆ ನಾಲ್ಕರೊಳಗೆ.

ಅಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನು ಗೆಲ್ಲೋದೂ ನಿಂಗೆ ತಮಾಷೆನೇನೋ?" ಎಂದಳು, ಅಷ್ಟೇ.

ಶನಿವಾರ ಮಧ್ಯಾಹ್ನ ನೆಲದ ಮೇಲೆ ಮಲಗಿ ಬಾಗಿಲನ್ನು ಪರೀಕ್ಷಿಸಿದೆ. ಸದ್ದು ಮರದಿಂದ ಬರುತ್ತಿರಲಿಲ್ಲ, ಸಂದಿಗಳಿಂದ ಬರುತ್ತಿತ್ತು. ಕೆಳಗಂತೂ ಎರಡು ಬೆರಳು ತೂರುವಷ್ಟು ಜಾಗ. ಚೌಕಟ್ಟಿನ ಸುತ್ತ ಅಂಟು ಇರುವ ಫೋಮ್ ಪಟ್ಟಿ ಹಚ್ಚಿದೆ. ಒಳಗೆ ಎರಡು ಗೋಡೆಗಳ ನಡುವೆ ಸ್ಪ್ರಿಂಗ್ ರಾಡು ಒತ್ತಿ ನಿಲ್ಲಿಸಿ, ಅದಕ್ಕೆ ಎರಡು ದಪ್ಪ ರಜಾಯಿ ಇಳಿಬಿಟ್ಟೆ. ಒಂದೇ ಒಂದು ಮೊಳೆ ಇಲ್ಲ! ಉಳಿದದ್ದು ಕೆಳಗಿನ ಸಂದಿ. ಟ್ರಂಕಿನಲ್ಲಿದ್ದ ಕರಿ ಕಂಬಳಿಯನ್ನು ಸುರುಳಿ ಸುತ್ತಿ ಹೊರಗಿನಿಂದ ಒತ್ತಿದೆ. ಜಾರದಿರಲಿ ಎಂದು ಅದರ ಮೇಲೆ ನನ್ನ ಎರಡೂ ಚಪ್ಪಲಿ ಇಟ್ಟೆ.

"ಅಕ್ಕಾ, ಇನ್ಮೇಲೆ ಈ ಬಾಗ್ಲು ದಾಟೋಕೆ ಸೊಳ್ಳೆನೂ ನನ್ ಪರ್ಮಿಷನ್ ಕೇಳ್ಬೇಕು," ಎಂದು ಹೊರಗಿನಿಂದಲೇ ಕೂಗಿದೆ.

"ಡೈಲಾಗ್ ಸಾಕು. ಅಲ್ಲೇ ನಿಂತ್ಕೊ. ಬಾಯಿ ಮುಚ್ಕೊಂಡು," ಎಂದಳು. ಅವಳ ದನಿ ನೆಲಮಾಳಿಗೆಯಿಂದ ಬಂದ ಹಾಗೆ ಕೇಳಿತು. ನನ್ನ ಉಪಾಯ ಫಲಿಸಿತ್ತು.

ಅವಳು ಓದಲು ಶುರು ಮಾಡಿ ಎರಡು ನಿಮಿಷವಾಗಿರಬೇಕು. ಚೌಳಹಿರಿಯೂರಿನಿಂದ ನಮ್ಮಜ್ಜ ದೊಡ್ಡಬೀರಪ್ಪ ಮೆಟ್ಟಿಲು ಹತ್ತಿ ಬಂದ. ಹೆಗಲ ಮೇಲೆ ಗೋಣಿಚೀಲದಲ್ಲಿ ತೆಂಗಿನಕಾಯಿ, ಕೈಯಲ್ಲಿ ಕೋಲು. ಬುಕ್ಕಾಂಬುಧಿ ಕೆರೆಯ ಈ ದಂಡೆಯಲ್ಲಿ ನಿಂತು ಆ ದಂಡೆಯ ಕುರಿಗಳನ್ನು ಕರೆಯುತ್ತಿದ್ದ ಗಂಟಲು ಅವನದು. ಅಜ್ಜ ನನ್ನನ್ನು ನೋಡಲಿಲ್ಲ. ಕಂಬಳಿ ನೋಡಿದ. ಮೇಲಿನ ಚಪ್ಪಲಿ ನೋಡಿದ.

ನನಗೆ ಆಗ ನೆನಪಾಯಿತು. ನಮ್ಮ ಅಪ್ಪ ಅಮ್ಮನ ಮದುವೆ ಮಾತುಕತೆಗೆ ಗದ್ದುಗೆ ಹಾಸಿದ್ದು ಅದೇ ಕಂಬಳಿ. ಅಂಥ ಕಂಬಳಿಯನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ, ದಾಟುವುದೂ ಇಲ್ಲ. ಅದರ ಮುಂದೆ ಹಿರಿಯರು ಕೂತು ಮಾತಾಡುವಾಗ ಸುತ್ತ ಯಾರೂ ಗದ್ದಲ ಮಾಡುವಂತಿಲ್ಲ.

ಅಜ್ಜನ ಎದೆ ಉಬ್ಬಿತು. ಬಾಯಿ ತೆರೆಯಿತು. ನಾನು ಉದ್ದಕ್ಕೆ ಅವನ ಕಾಲಿಗೆ ಬಿದ್ದೆ.

"ಅಜ್ಜಾ, ಬೈಯೋದನ್ನ ಹತ್ ನಿಮಿಷ ಬಿಟ್ಟು ಬೈಯಪ್ಪಾ," ಎಂದು ಪಿಸುಗುಟ್ಟಿದೆ. "ಒಳಗೆ ಅಕ್ಕ ರೆಕಾರ್ಡಿಗೆ ಓದ್ತಾವ್ಳೆ. ಸದ್ದು ಒಳಗೆ ಹೋದ್ರೆ ಅವಳ ಕೆಲ್ಸ ಹೋಯ್ತು. ಹಿಂದ್ಲ ಸಲ ಕೆಡ್ಸಿದ್ದು ನಾನೇ."

ಅಜ್ಜ ಉಸಿರನ್ನು ಹಾಗೇ ಹಿಡಿದುಕೊಂಡ. ಮುಖ ಕೆಂಪಾಯಿತು. ಕೋಲಿನ ತುದಿಯಿಂದ ಚಪ್ಪಲಿಗಳನ್ನು ಒಂದೊಂದಾಗಿ ಎಗರಿಸಿದ. ನೆಲಕ್ಕೆ ಬಿದ್ದು ಸದ್ದಾಗುವ ಮುಂಚೆ ಎರಡನ್ನೂ ಹಿಡಿದೆ. ಕಂಬಳಿ ಎತ್ತಲು ಬಗ್ಗಿದಾಗ ಅವನು ನನ್ನ ಕೈ ಹಿಡಿದ.

"ಬಿಡ್ಲಾ." ಅಜ್ಜ ಪಿಸುಗುಟ್ಟಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಹಾಕಿದ್ ಗದ್ದುಗೇನ ಮಾತು ಮುಗಿಯೋಗಂಟ ಎತ್ತಂಗಿಲ್ಲ. ಒಳಗೆ ಕೂಸು ಮಾತಾಡ್ತೈತೆ."

ಕಾಲಿನ ಕೆರ ಬಿಟ್ಟು, ಕಂಬಳಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಪುಟ್ಟಯ್ಯ ಫೋನ್ ಕಿವಿಗಿಟ್ಟುಕೊಂಡು ಹತ್ತಿ ಬಂದ. "ಅಲ್ಲಾ ಕಣ್ರೀ, ಲೋಡು..." ಅಜ್ಜ ಕೋಲೆತ್ತಿ ಕಂಬಳಿ ತೋರಿಸಿದ. ಪುಟ್ಟಯ್ಯನೂ ನಮ್ಮ ಕುಲದವನೇ. ಫೋನ್ ಆರಿಸಿ, ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಕೂತ. ಆಮೇಲೆ ಬಾಗಿಲಿಗೆ ಏನು ಮಾಡುತ್ತಿದ್ದೇವೆಂದು ನೋಡಲು ಪರಮೇಶಣ್ಣ ಬಂದ. ಪುಟ್ಟಯ್ಯ ಅವನ ಪಂಚೆ ಹಿಡಿದು ಕೆಳಗೆ ಎಳೆದ. ಅವನೂ ಚಪ್ಪಲಿ ಬಿಟ್ಟು ಕೂತ.

ಅಕ್ಕ ಬಾಗಿಲು ತೆಗೆದಾಗ ಬರಿಗಾಲಿನ ನಾಲ್ವರು ಗಂಡಸರು ತುಟಿ ಬಿಚ್ಚದೆ ಅವಳನ್ನೇ ನೋಡುತ್ತಿದ್ದೆವು. ಅವಳು ಬಿಳಿಚಿಕೊಂಡಳು.

"ಅಯ್ಯೋ! ಯಾರು ಹೋಗ್ಬಿಟ್ರಜ್ಜಾ?"

"ನಿನ್ ಓದು ಮುಗೀತೇನವ್ವಾ?"

"ಮುಗೀತು."

"ಹಂಗಾರೆ ಈಗ ಹೋಗ್ತಾನೆ, ನಿನ್ ತಮ್ಮ!" ಎಂದು ಅಜ್ಜ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟ. ಮೇಲಿನ ಟೆರೇಸಿನಿಂದ ಪಾರಿವಾಳಗಳು ಎದ್ದು ಹಾರಿದವು. ಆಮೇಲೆ ಬಂದ ಬೈಗುಳ ಇಲ್ಲಿ ಬೇಡ.

ಪರಮೇಶಣ್ಣ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ಸವರಿ ನೋಡಿದ. "ತೂತಿಲ್ಲ," ಎಂದ, ಸ್ವಲ್ಪ ನಿರಾಸೆಯಿಂದಲೇ.

ಅಕ್ಕ ಇಯರ್‌ಫೋನ್ ಹಾಕಿಕೊಂಡು ಹತ್ತು ನಿಮಿಷವೂ ಕೇಳಿದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಾ ನಿಂತೆವು. ಕೊನೆಗೆ ಇಯರ್‌ಫೋನ್ ತೆಗೆದು, "ಏನೂ ಇಲ್ಲ ಕಣೋ. ನಾನೊಬ್ಳೇ ಇದೀನಿ," ಎಂದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದಳು.

ಅಜ್ಜ ತಾನೇ ಕಂಬಳಿ ಕೊಡವಿ, ಮಡಿಸಿ, ಅಕ್ಕನ ಕೈಗಿಟ್ಟ ನಂತರವೇ ಹೊಸಿಲು ದಾಟಿದ್ದು. ಕಾಯಿಗಳನ್ನು ಸುರಿದು ಖಾಲಿ ಚೀಲವನ್ನು ನನ್ನ ಮುಖಕ್ಕೆ ಎಸೆದ. "ಇದ್ಕೆ ನಾರು ತುಂಬಿ ಹೊಲಿ. ಸಂದಿಗೆ ಅದಾಯ್ತದೆ. ಬುದ್ಧಿ ಬೇಕು ಕಣ್ಲಾ, ಬುದ್ಧಿ."

ಮಂಗಳವಾರ ಅಕ್ಕನಿಗೆ ಕೆಲಸ ಸಿಕ್ಕಿತು. ಈಗ ದಿನಾ ಮಧ್ಯಾಹ್ನ ಎರಡಕ್ಕೆ ಅವಳು ಓದುತ್ತಾಳೆ. ನಾರಿನ ಚೀಲವನ್ನು ಸಂದಿಗೆ ಒತ್ತಿಕೊಂಡು ನಾನು ಹೊರಗೆ ಕೂರುತ್ತೇನೆ. ನಿನ್ನೆ ಪುಟ್ಟಯ್ಯ ಹತ್ತಿ ಬಂದವನು ಬಗ್ಗಿ, ನನ್ನ ಕಿವಿಯಲ್ಲಿ, "ಏನ್ ಹೀರೋ, ಇವತ್ತೂ ಡೈಲಾಗ್ ಇಲ್ವಾ?" ಎಂದ.

ನಾಲಿಗೆಯ ತುದಿಯಲ್ಲಿ ಮೂರು ಇದ್ದವು. ಮೂರೂ ಸೂಪರ್ ಹಿಟ್. ನುಂಗಿಕೊಂಡು ಅವನ ಚಪ್ಪಲಿಯತ್ತ ಬೆರಳು ತೋರಿಸಿದೆ. ಅವನು ಬಿಟ್ಟ.